ಗಾಡಿಗೆ ಕವಚ, ಗುಡ್ಡಕ್ಕೆ ಏನು?

ಪುಣೆಯಲ್ಲೋ ಹೈದರಾಬಾದಿನಲ್ಲೋ ನಾಲ್ಕು ಜನ ಕನ್ನಡದ ಹುಡುಗರು ಊಟಕ್ಕೆ ಕೂತರೆ ಈಗ ಮೂರನೆಯ ಮಾತಿಗೇ ಗಾಡಿ ಬರುತ್ತದೆ. ಥಾರ್ ತಗೊಳ್ಳೋದಾ, ಜಿಮ್ನಿಯಾ, ಗೂರ್ಖಾನಾ? ಡೀಸೆಲ್ಲಾ ಪೆಟ್ರೋಲಾ? ಟಯರ್ ಯಾವುದು ಹಾಕಿಸಲಿ? ಮುಂದಕ್ಕೆ ಕಬ್ಬಿಣದ ಬಂಪರ್ ಕೂರಿಸಿದರೆ ಹೇಗೆ? ಅನ್ನ ಸಾರು ಮುಗಿದು ಮಜ್ಜಿಗೆಗೆ ಬರುವವರೆಗೂ ಇದೇ ಮಾತು. "ಎಲ್ಲಿ ಓಡಿಸ್ತೀಯ ಮಾರಾಯ?" ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಕೇಳಬೇಕಾದ ಮೊದಲ ಪ್ರಶ್ನೆ ಅದೇ ಎಂಬುದು ನನ್ನ ವಾದ. ಎಲ್ಲಿ ಓಡಿಸಲು ನಿಮಗೆ ಹಕ್ಕಿದೆ ಎಂಬುದು ತೀರ್ಮಾನವಾದರೆ ಯಾವ ಗಾಡಿ, ಯಾವ ಟಯರ್, ಎಷ್ಟು ರಕ್ಷಣೆ ಎಂಬುದೆಲ್ಲ ಅರ್ಧ ದಿನದಲ್ಲಿ ಇತ್ಯರ್ಥವಾಗುತ್ತದೆ. ಅದು ತೀರ್ಮಾನವಾಗದೆ ಕೊಂಡ ಗಾಡಿ ಎರಡರಲ್ಲಿ ಒಂದು ಗತಿ ಕಾಣುತ್ತದೆ. ಒಂದೋ ಹಿಂಜವಡಿಯ ಟ್ರಾಫಿಕ್ಕಿನಲ್ಲಿ ನಿಂತು ಹೊಗೆ ಕುಡಿಯುತ್ತದೆ, ಇಲ್ಲವೇ ಹೋಗಬಾರದ ಗುಡ್ಡಕ್ಕೆ ಹೋಗುತ್ತದೆ. ಮೊದಲನೆಯದರಿಂದ ನಷ್ಟ ನಿಮ್ಮೊಬ್ಬರಿಗೆ. ಎರಡನೆಯದರಿಂದ ಆಗುವ ನಷ್ಟವನ್ನು ನಿಮ್ಮ ಹೆಸರೂ ಗೊತ್ತಿಲ್ಲದವರು ಭರಿಸುತ್ತಾರೆ.

ನಾನು ಈ ಹವ್ಯಾಸದ ವಿರೋಧಿಯಲ್ಲ. ಲೋ ಗೇರಿನಲ್ಲಿ, ಆಳು ನಡೆಯುವ ವೇಗಕ್ಕಿಂತ ನಿಧಾನವಾಗಿ, ಒಂದೊಂದೇ ಕಲ್ಲಿನ ಮೇಲೆ ಚಕ್ರ ಇಟ್ಟು ದಿಣ್ಣೆ ಹತ್ತುವ ಸುಖ ನನಗೂ ಗೊತ್ತು. ವಾರವಿಡೀ ಸ್ಕ್ರೀನಿನ ಮುಂದೆ ಕೂತ ಮೈಗೆ ಅದು ಬೇಕು ಅನ್ನಿಸುವುದೂ ಸಹಜ. ಆ ಸುಖವನ್ನು ಮಾರುವವರು ಹೇಳುವ ಅರ್ಧ ಸತ್ಯಗಳನ್ನು, ಕೊಳ್ಳುವ ನಾವು ನಮಗೇ ಹೇಳಿಕೊಳ್ಳುವ ಪೂರ್ತಿ ಸುಳ್ಳುಗಳನ್ನು ಒಂದು ಸಲ ಬಿಚ್ಚಿ ನೋಡೋಣ.

ಮೊದಲು ಗಾಡಿಯ ವಿಷಯ.

ನಾಲ್ಕು ಚಕ್ರಕ್ಕೂ ಬಲ ಹೋಗುವ ಗಾಡಿಗಳೆಲ್ಲ ಒಂದೇ ಜಾತಿಯವಲ್ಲ. ಆಲ್ ವೀಲ್ ಡ್ರೈವ್ ಎಂದು ಮಾರುವ ಕಾರುಗಳಲ್ಲಿ ಯಾವ ಚಕ್ರಕ್ಕೆ ಎಷ್ಟು ಬಲ ಎಂಬುದನ್ನು ಹೆಚ್ಚಾಗಿ ಗಾಡಿಯೇ ನೋಡಿಕೊಳ್ಳುತ್ತದೆ. ಮಳೆಯಲ್ಲಿ ಒದ್ದೆಯಾದ ಘಾಟಿ ರಸ್ತೆಗೆ, ಹಿಮ ಬಿದ್ದ ಡಾಂಬರಿಗೆ ಅದು ಒಳ್ಳೆಯದು. ಥಾರ್, ಜಿಮ್ನಿ, ಗೂರ್ಖಾಗಳದ್ದು ಬೇರೆ ಕ್ರಮ. ಅಲ್ಲಿ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಗೇರಿನ ಪೆಟ್ಟಿಗೆ ಇರುತ್ತದೆ, ಅದನ್ನು ನೀವೇ ಹಾಕಬೇಕು. ಫೋರ್ ಹೈಗೆ ಹಾಕಿದಾಗ ಮುಂದಿನ ಆಕ್ಸಲ್ಲಿಗೂ ಹಿಂದಿನ ಆಕ್ಸಲ್ಲಿಗೂ ಗಂಟು ಬೀಳುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಕೆಸರಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನ ಮೇಲೆ ಜಾರಲು ಜಾಗವಿಲ್ಲ, ಒತ್ತಡವೆಲ್ಲ ಗೇರಿನ ಹಲ್ಲುಗಳ ಮೇಲೆ ಬೀಳುತ್ತದೆ. "ಫೋರ್ ಬೈ ಫೋರ್ ಇದೆಯಲ್ಲ, ಎಕ್ಸ್‌ಪ್ರೆಸ್‌ವೇಯಲ್ಲಿ ಹಿಡಿತ ಚೆನ್ನಾಗಿರುತ್ತೆ" ಎಂದು ಯಾರಾದರೂ ಹೇಳಿದರೆ ಅವರಿಂದ ಗಾಡಿಯ ಬಗ್ಗೆ ಸಲಹೆ ತೆಗೆದುಕೊಳ್ಳಬೇಡಿ.

ನಿಜವಾದ ಉಪಯೋಗ ಫೋರ್ ಲೋದಲ್ಲಿದೆ. ವೇಗ ತಗ್ಗುತ್ತದೆ, ಚಕ್ರಕ್ಕೆ ಸಿಗುವ ಬಲ ಹೆಚ್ಚುತ್ತದೆ. ಹತ್ತುವುದಕ್ಕಿಂತ ಇಳಿಯುವಾಗ ಅದರ ಬೆಲೆ ಗೊತ್ತಾಗುವುದು. ಬ್ರೇಕ್ ಒತ್ತಿದರೆ ಚಕ್ರ ನಿಂತು ಗಾಡಿ ಜಾರುವ ಇಳಿಜಾರಿನಲ್ಲಿ, ಎಂಜಿನ್ನಿನ ಹಿಡಿತದಲ್ಲೇ ಎತ್ತಿನಗಾಡಿಯ ಹಾಗೆ ಇಳಿಯಬಹುದು. ಇದರ ಜೊತೆಗೆ ನೋಡಬೇಕಾದದ್ದು ಡಿಫರೆನ್ಷಿಯಲ್. ಸಾಮಾನ್ಯ ಡಿಫರೆನ್ಷಿಯಲ್ಲಿನಲ್ಲಿ ಒಂದು ಚಕ್ರ ಗಾಳಿಯಲ್ಲಿ ನಿಂತರೆ ಅದೇ ಗಿರಗಿರ ತಿರುಗುತ್ತದೆ, ನೆಲದಲ್ಲಿರುವ ಇನ್ನೊಂದು ಸುಮ್ಮನೆ ನಿಲ್ಲುತ್ತದೆ. ಜಿಮ್ನಿ ಬ್ರೇಕಿನ ಸಹಾಯದಿಂದ ಆ ತಿರುಗುವ ಚಕ್ರವನ್ನು ಹಿಡಿಯುತ್ತದೆ. ಗೂರ್ಖಾದಲ್ಲಿ ಮುಂದೆ ಹಿಂದೆ ಎರಡೂ ಕಡೆ ಕೈಯಿಂದ ಹಾಕುವ ಲಾಕ್ ಕಂಪನಿಯಿಂದಲೇ ಬರುತ್ತದೆ.

ಇನ್ನು ಅಳತೆಗಳು. ಜಪಾನಿನ ಮೂರು ಬಾಗಿಲಿನ ಜಿಮ್ನಿಯ ಎರಡು ಆಕ್ಸಲ್ಲುಗಳ ನಡುವಿನ ಅಂತರ 2,250 ಮಿಲಿಮೀಟರ್. 2023ರಲ್ಲಿ ನಮ್ಮಲ್ಲಿ ಬಂದ ಐದು ಬಾಗಿಲಿನದಕ್ಕೆ 2,590. ಹಿಂದಿನ ಸೀಟಿನವರಿಗೆ ಕಾಲು ಚಾಚಲು ಜಾಗ ಸಿಕ್ಕಿತು, ಆದರೆ ಹೊಟ್ಟೆ ತಾಗದೆ ದಿಬ್ಬದ ನೆತ್ತಿ ದಾಟುವ ಕೋನ 28 ಡಿಗ್ರಿಯಿಂದ 24ಕ್ಕೆ ಇಳಿಯಿತು. ಹಾಗಿದ್ದೂ ಸುಮಾರು 1,200 ಕೆಜಿಯ ಈ ಹಗುರ ಗಾಡಿ ಕೆಸರಿನಲ್ಲಿ ತನಗಿಂತ ಹಲವು ನೂರು ಕೆಜಿ ಭಾರದ ದೊಡ್ಡಣ್ಣಂದಿರನ್ನು ಹಿಂದೆ ಹಾಕುವುದುಂಟು. ಹುದುಲಿನಲ್ಲಿ ಕುದುರೆಬಲಕ್ಕಿಂತ ತೂಕದ ಲೆಕ್ಕ ದೊಡ್ಡದು. ಥಾರ್ ತನ್ನ 226 ಮಿಲಿಮೀಟರ್ ನೆಲದ ಅಂತರದಿಂದ ಕಲ್ಲಿನ ದಾರಿಗೆ ಒಪ್ಪುತ್ತದೆ. ನೀರಿನ ಲೆಕ್ಕ ಥಾರಿಗೆ 650 ಮಿಲಿಮೀಟರ್, ಗೂರ್ಖಾಗೆ 700 ಎಂದು ಕಂಪನಿಗಳು ಹೇಳುತ್ತವೆ. ಆ ಅಳತೆ ನಿಂತ ನೀರಿನಲ್ಲಿ ನಿಧಾನವಾಗಿ ಹೋಗುವವರಿಗೆ. ಹರಿಯುವ ಹಳ್ಳಕ್ಕೆ ಕಂಪನಿಯ ಪುಸ್ತಕ ಗೊತ್ತಿಲ್ಲ, ಎರಡಡಿ ನೀರು ಸೆಳೆಯಲು ಶುರುಮಾಡಿದರೆ ದೊಡ್ಡ ಗಾಡಿಯೂ ತೇಲಿ ಹೋಗುತ್ತದೆ.

2023ರ ಜನವರಿಯಲ್ಲಿ ಥಾರಿನ ಎರಡು ಚಕ್ರ ಚಾಲನೆಯ ಮಾದರಿಯೂ ಮಾರುಕಟ್ಟೆಗೆ ಬಂತು. ಹೊರಗಿನಿಂದ ನೋಡಿದರೆ ಅದೇ ಗಾಡಿ, ಒಳಗೆ ಟ್ರಾನ್ಸ್‌ಫರ್ ಕೇಸ್ ಇಲ್ಲ. ಕೊಂಡವರನ್ನು ನಾನು ದೂರುವುದಿಲ್ಲ. ಊರೊಳಗೆ ಓಡಿಸುವವರಿಗೆ ಅಷ್ಟೇ ಸಾಕು, ದುಡ್ಡೂ ಉಳಿಯುತ್ತದೆ. ಆದರೆ ಬಹುಪಾಲು ಜನ ಕೊಳ್ಳುತ್ತಿರುವುದು ಗಾಡಿಯ ಆಕಾರವನ್ನು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಈ ಆಕಾರಕ್ಕೆ ನಮ್ಮ ದೇಶದಲ್ಲಿ ಬೇರೆಯೇ ಚರಿತ್ರೆ ಇತ್ತು. 1947ರಲ್ಲಿ ಮುಂಬಯಿಯಲ್ಲಿ ಮಹೀಂದ್ರದವರು ವಿಲ್ಲೀಸ್ ಜೀಪುಗಳನ್ನು ಜೋಡಿಸಲು ಶುರುಮಾಡಿದಾಗಿನಿಂದ ಜೀಪು ದುಡಿಯುವ ಗಾಡಿ. ಮಲೆನಾಡಿನಲ್ಲಿ ಕಾಫಿ ಮೂಟೆ, ಅಡಿಕೆ ಗೊನೆ, ಗೊಬ್ಬರ, ಹೆರಿಗೆ ನೋವಿನ ಹೆಂಗಸು, ಮದುವೆ ದಿಬ್ಬಣ, ಹೆಣ ಎಲ್ಲವನ್ನೂ ಹೊತ್ತಿದೆ. ಮಳೆಗಾಲ ಬಂದರೆ ಚಕ್ರಕ್ಕೆ ಚೈನು ಸುತ್ತಿಕೊಂಡು ಅದೇ ಹಳೇ ಟಯರಿನಲ್ಲಿ ಏರು ಹತ್ತುತ್ತಿತ್ತು. ಅದಕ್ಕೆ ಯಾರೂ ನೆತ್ತಿಯ ಮೇಲೆ ಎಲ್ಇಡಿ ದೀಪದ ಪಟ್ಟಿ ಕಟ್ಟಲಿಲ್ಲ.

ಎರಡನೆಯದು ರಕ್ಷಣೆಯ ವ್ಯಾಪಾರ.

ಗಾಡಿ ಮನೆಗೆ ಬಂದ ಮರುವಾರವೇ ಶುರುವಾಗುತ್ತದೆ. ಕಬ್ಬಿಣದ ಬಂಪರ್, ಅದರ ಮೇಲೆ ವಿಂಚು, ಟಾಪಿನ ಮೇಲೆ ಕ್ಯಾರಿಯರ್, ಕ್ಯಾರಿಯರಿನ ಮೇಲೆ ಒಮ್ಮೆಯೂ ಡೀಸೆಲ್ ಕಾಣದ ಜೆರ್ರಿ ಕ್ಯಾನು, ಪಕ್ಕದಲ್ಲಿ ಸ್ನಾರ್ಕೆಲ್, ಮೈಗೆಲ್ಲ ಸೆರಾಮಿಕ್ ಕೋಟಿಂಗ್. ಕೆಳಗೆ ಬಗ್ಗಿ ನೋಡಿದರೆ ಶೋರೂಮಿನಿಂದ ಬಂದ ಅದೇ ಹೈವೇ ಟಯರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅಂದರೆ ಇದೇ.

ನೆಲಕ್ಕೆ ತಾಗುವುದು ಟಯರ್ ಮಾತ್ರ. ಮೊದಲ ದುಡ್ಡು ಅಲ್ಲಿಗೆ ಹೋಗಬೇಕು. ತಿಂಗಳಿಗೊಮ್ಮೆ ಮಣ್ಣಿನ ದಾರಿ ಹಿಡಿಯುವವರಿಗೆ ಆಲ್ ಟೆರೇನ್ ಸಾಕು. ಮಡ್ ಟೆರೇನ್ ಕೆಸರಿನಲ್ಲಿ ರಾಜ, ಒದ್ದೆ ಡಾಂಬರಿನಲ್ಲಿ ಬ್ರೇಕ್ ಹಾಕಿದಾಗ ಅದರ ಬಣ್ಣ ಗೊತ್ತಾಗುತ್ತದೆ. ಟಯರಿಗಿಂತಲೂ ಅಗ್ಗದ ಉಪಾಯ ಗಾಳಿ. ಮಣ್ಣಿಗೆ ಇಳಿಯುವ ಮುನ್ನ ಗಾಳಿಯನ್ನು 20 ಪಿಎಸ್‌ಐ ಆಸುಪಾಸಿಗೆ ಇಳಿಸಿದರೆ ಟಯರ್ ಅಗಲವಾಗಿ ಕೂರುತ್ತದೆ, ಕಲ್ಲನ್ನು ತಬ್ಬುತ್ತದೆ, ನೆಲವನ್ನು ಕಡಿಮೆ ಅಗೆಯುತ್ತದೆ. ವಾಪಸ್ ತುಂಬಲು ಪುಟ್ಟ ಕಂಪ್ರೆಸರ್ ಮತ್ತು ನಂಬುವಂಥ ಗೇಜು ಬೇಕು. ಟಾರಿಗೆ ಬಂದ ಮೇಲೆ ಗಾಳಿ ತುಂಬದೆ ವೇಗವಾಗಿ ಓಡಿಸುವುದು ಆತ್ಮಹತ್ಯೆಗೆ ಸಮ.

ಎರಡನೆಯ ದುಡ್ಡು ಗಾಡಿಯ ಹೊಟ್ಟೆಗೆ. ಎಂಜಿನ್ನಿನ ಸಂಪು, ಟ್ರಾನ್ಸ್‌ಫರ್ ಕೇಸ್, ಡೀಸೆಲ್ ಟ್ಯಾಂಕು, ಈ ಮೂರರ ಕೆಳಗೆ ದಪ್ಪ ತಗಡಿದ್ದರೆ ಕಲ್ಲು ಬಡಿದರೂ ಮನೆ ಸೇರಬಹುದು. ಬಾಗಿಲ ಕೆಳಗಿನ ಅಂಚಿಗೆ ಸ್ಲೈಡರ್ ಹಾಕಿಸುವುದಾದರೆ ಚಾಸಿಗೆ ಕಚ್ಚಿದ್ದೇ ಆಗಬೇಕು. ಕಾಲಿಟ್ಟು ಹತ್ತುವ ಅಲಂಕಾರದ ಪಟ್ಟಿ ಮೊದಲ ಬಂಡೆಗೇ ಮಡಚಿ ಬಾಗಿಲಿಗೆ ಒತ್ತುತ್ತದೆ. ಮೂರನೆಯ ದುಡ್ಡು ಸಿಕ್ಕಿಬಿದ್ದಾಗ ಎಳೆಯುವ ಸಾಮಾನಿಗೆ. ಗಾಡಿಯ ಮುಂದೆ ಹಿಂದೆ ಚಾಸಿಗೆ ಸೇರಿದ ಗಟ್ಟಿ ಕೊಂಡಿ, ಭಾರದ ಮಿತಿ ಬರೆದಿರುವ ಶ್ಯಾಕಲ್, ಹಿಗ್ಗುವ ಹಗ್ಗ ಒಂದು, ಹಿಗ್ಗದ ಪಟ್ಟಿ ಒಂದು. ಟ್ರೈಲರ್ ಸಿಕ್ಕಿಸುವ ಗುಂಡಿಗೆ ಹಗ್ಗ ಕಟ್ಟಿ ಎಳೆದರೆ ಆ ಗುಂಡು ಕಿತ್ತು ಬಂದೂಕಿನ ಗುಂಡಿನ ಹಾಗೆ ಹಾರಬಹುದು, ಗಾಜು ಸೀಳಿ ಒಳಗಿದ್ದವರ ಜೀವ ತೆಗೆಯಬಹುದು. ವಿಂಚನ್ನು ಮರಕ್ಕೆ ಕಟ್ಟುವುದಾದರೆ ಅಗಲ ಪಟ್ಟಿಯನ್ನೇ ಸುತ್ತಿ. ಉಕ್ಕಿನ ಹಗ್ಗ ನೇರವಾಗಿ ಸುತ್ತಿದರೆ ತೊಗಟೆ ಉಂಗುರದ ಹಾಗೆ ಸುಲಿದು ಮರ ನಿಂತಲ್ಲೇ ಸಾಯುತ್ತದೆ. ಇವೆಲ್ಲಕ್ಕಿಂತ ದೊಡ್ಡ ರಕ್ಷಣೆ ಇನ್ನೊಂದು ಗಾಡಿ. ಒಂಟಿಯಾಗಿ ಕಾಡುದಾರಿ ಹಿಡಿಯುವವನ ವಿಂಚು ಅವನ ಜಂಬಕ್ಕೆ ಮಾತ್ರ.

ಇನ್ನು ಸ್ನಾರ್ಕೆಲ್. ಅದು ಎಂಜಿನ್ ಉಸಿರಾಡುವ ಮೂಗನ್ನು ಮೇಲಕ್ಕೆ ಒಯ್ಯುತ್ತದೆ, ಅಷ್ಟೇ. ಆಲ್ಟರ್ನೇಟರ್, ವೈರಿಂಗು, ಡಿಫರೆನ್ಷಿಯಲ್ಲಿನ ಗಾಳಿಕೊಳವೆ ಇದ್ದಲ್ಲೇ ಇರುತ್ತವೆ. ಬಿಸಿಯಾದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಆ ಕೊಳವೆಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಆಮೇಲೆ ಆಯಿಲ್ ಬಿಚ್ಚಿ ನೋಡಿದರೆ ಹಾಲು ಬೆರೆಸಿದ ಕಾಫಿ. ನೀರು ಹೊಕ್ಕು ಎಂಜಿನ್ ಸೀಜಾದರೆ ಮಾಮೂಲಿ ಇನ್ಶೂರೆನ್ಸ್ ಕೈಯೆತ್ತುತ್ತದೆ, ಎಂಜಿನ್ನಿಗೆಂದೇ ಬೇರೆ ಕವರ್ ತೆಗೆದುಕೊಂಡಿರಬೇಕು. ಕಂಪನಿಗೆ ತಿಳಿಸದೆ ಮಾಡಿಸಿದ ಮಾರ್ಪಾಡುಗಳು ಕ್ಲೇಮಿನ ದಿನ ನಿಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತವೆ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆ 1988ರ 52ನೆಯ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಖಚಿತಪಡಿಸಿತು. ಮುಂದೆ ಕಟ್ಟುವ ಕಬ್ಬಿಣದ ಕಂಬಿಗಳ ವಿರುದ್ಧ ಕ್ರಮ ತೆಗೆದುಕೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ 2017ರ ಡಿಸೆಂಬರಿನಲ್ಲೇ ಬರೆದಿತ್ತು. ಕಾರಣ ಸರಳ. ಗುದ್ದಿದಾಗ ತಾನು ನುಜ್ಜಾಗಿ ಪೆಟ್ಟನ್ನು ಹೀರಬೇಕಾದ ಭಾಗವನ್ನು ನಾವು ಗಟ್ಟಿ ಮಾಡಿದರೆ ಆ ಪೆಟ್ಟು ಒಳಗೆ ಕೂತವರಿಗೆ ಹೋಗುತ್ತದೆ, ಎದುರಿಗೆ ಸಿಕ್ಕ ಪಾದಚಾರಿಗೆ ಹೋಗುತ್ತದೆ. ಬೋರಿವಲಿಯ ರಸ್ತೆಯಲ್ಲಿ ಆನೆ ಅಡ್ಡ ಬರುವುದಿಲ್ಲ. ಬರುವುದು ಶಾಲೆಯ ಮಕ್ಕಳು.

ರಕ್ಷಣೆಯ ಕೊನೆಯ ಪಾಠ ಅತಿ ಅಗ್ಗದ್ದು, ಅದಕ್ಕೇ ಯಾರಿಗೂ ಬೇಡ. ಮಣ್ಣಿನಿಂದ ಬಂದ ಮೇಲೆ ಗಾಡಿಯನ್ನು ಕೆಳಗಿನಿಂದ ತೊಳೆಯಬೇಕು. ಚಾಸಿಯ ಸಂದಿಯಲ್ಲಿ, ಬ್ರೇಕ್ ಡ್ರಮ್ಮಿನಲ್ಲಿ, ರೇಡಿಯೇಟರಿನ ಹಲ್ಲುಗಳಲ್ಲಿ ಕೂತ ಕೆಸರು ನೀರು ಹಿಡಿದಿಟ್ಟು ತುಕ್ಕು ಬೆಳೆಸುತ್ತದೆ. ಮುಂಬಯಿ, ಚೆನ್ನೈಗಳ ಉಪ್ಪುಗಾಳಿಯಲ್ಲಿ ಇದು ಎರಡುಪಟ್ಟು. ನೀರು ಬಸಿಯುವ ತೂತುಗಳನ್ನು ಬಿಡಿಸಿ, ಆಕ್ಸಲ್ ಆಯಿಲ್ ನೋಡಿ, ಬೋಲ್ಟುಗಳನ್ನು ಬಿಗಿ ಮಾಡಿ. ಇದಕ್ಕೆ ಒಂದು ಭಾನುವಾರ ಬೇಕು, ಫೋಟೋ ಹಾಕಿದರೆ ಯಾರೂ ಮೆಚ್ಚುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಒಂದು ಮಾತಿಗೆ ಬರಲು. ಕವಚ ಹೆಚ್ಚಾದಷ್ಟೂ ಭಯ ಕಡಿಮೆಯಾಗುತ್ತದೆ. ಭಯ ಕಡಿಮೆಯಾದವನು ಇಳಿದು ನೋಡುವುದಿಲ್ಲ, ನುಗ್ಗುತ್ತಾನೆ. ಹಳೇ ಜೀಪಿನವನು ಆಕ್ಸಲ್ ಮುರಿದರೆ ತಿಂಗಳ ದುಡಿಮೆ ಹೋಯಿತೆಂದು ಹೆದರಿ ಹಳ್ಳದ ಆಳವನ್ನು ಕೋಲಿನಲ್ಲಿ ಅಳೆಯುತ್ತಿದ್ದ. ನಮ್ಮ ಬಳಿ ವಿಂಚು ಇದೆ, ಇನ್ಶೂರೆನ್ಸ್ ಇದೆ, ಸಂಬಳ ಒಂದನೇ ತಾರೀಕಿಗೆ ಬರುತ್ತದೆ. ಗಾಡಿಗೆ ಏನೂ ಆಗದು ಎಂಬ ಧೈರ್ಯದಲ್ಲಿ ನೆಲಕ್ಕೆ ಏನಾಗುತ್ತದೆ ಎಂಬ ಪ್ರಶ್ನೆಯೇ ಮಾಯವಾಗಿದೆ.

ಏನಾಗುತ್ತದೆ? ಸಹ್ಯಾದ್ರಿಯ ಹುಲ್ಲಿನ ಇಳಿಜಾರನ್ನೇ ತೆಗೆದುಕೊಳ್ಳಿ. ಅಲ್ಲಿ ಮೇಲಿನ ಮಣ್ಣು ತೆಳು, ಹುಲ್ಲಿನ ಬೇರು ಅದನ್ನು ಹಿಡಿದಿಟ್ಟಿರುತ್ತದೆ. ದಪ್ಪ ಹಲ್ಲಿನ ಟಯರ್ ಒಮ್ಮೆ ಜಾರಿ ತಿರುಗಿದರೆ ಬೇರು ಸಮೇತ ಹುಲ್ಲು ಕಿತ್ತು ಬರುತ್ತದೆ. ಒತ್ತಿದ ಜಾಡಿನಲ್ಲಿ ನೀರು ಇಂಗುವುದಿಲ್ಲ, ಹರಿಯುತ್ತದೆ. ಆಗುಂಬೆಯ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಸುರಿಯುವ ಮಳೆಗೆ ಒಂದು ಗೇಣಿನ ಜಾಡು ಸಿಕ್ಕರೆ ಸಾಕು, ಅದು ಚರಂಡಿಯಾಗುತ್ತದೆ. ಮುಂದಿನ ವರ್ಷ ಬಂದವರು ಚರಂಡಿ ತಪ್ಪಿಸಲು ಪಕ್ಕದಲ್ಲಿ ಹೊಸ ಜಾಡು ಮಾಡುತ್ತಾರೆ, ಅದರ ಮುಂದಿನವರು ಅದರ ಪಕ್ಕದಲ್ಲಿ. ಒಂದು ದಾರಿ ಐದಾಗುತ್ತದೆ. ಕೆಳಗಿನ ಮನೆಗಳಿಗೆ ಇದೇ ಗುಡ್ಡದಿಂದ ಕರೀ ಪೈಪಿನಲ್ಲಿ ಅಬ್ಬಿ ನೀರು ಬರುತ್ತದೆ. ಮೋಟಾರಿಲ್ಲ, ಕರೆಂಟಿಲ್ಲ, ಇಳುಕಲಿನ ಬಲದಲ್ಲಿ ನೇರ ಅಡುಗೆಮನೆಗೆ. ಆ ಪೈಪು ಹುಲ್ಲಿನ ಮರೆಯಲ್ಲಿ ದಾರಿ ದಾಟಿರುತ್ತದೆ. ಟಯರ್ ಅದರ ಮೇಲೆ ಹತ್ತಿದ್ದು ಓಡಿಸುವವರಿಗೆ ಗೊತ್ತೂ ಆಗುವುದಿಲ್ಲ. ಕೆಳಗಿನ ಮನೆಯಾಕೆಗೆ ನಲ್ಲಿಯಲ್ಲಿ ಕೆಂಪು ನೀರು ಬಂದಾಗ, ಇಲ್ಲವೇ ನೀರೇ ನಿಂತಾಗ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ನಾವು ಪುಣೆ ದಾರಿಯಲ್ಲಿ ಕೊಲ್ಹಾಪುರ ದಾಟಿರುತ್ತೇವೆ.

ಇದು ಮಲೆನಾಡಿನ ಕತೆಯಷ್ಟೇ ಅಲ್ಲ, ನಾವು ಬದುಕುವ ಊರುಗಳ ಸುತ್ತಲೂ ಇದೆ. ಸಾತಾರಾದ ಕಾಸ್ ಪ್ರಸ್ಥಭೂಮಿ 2012ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಒಂದು. ಅಲ್ಲಿನ ಜಂಬಿಟ್ಟಿಗೆ ಬಂಡೆಯ ಮೇಲಿರುವುದು ತೀರಾ ತೆಳುವಾದ ಮಣ್ಣು, ಆ ಮಣ್ಣಿನಲ್ಲೇ ಸೆಪ್ಟೆಂಬರಿನ ಅಷ್ಟೂ ಹೂವು. ಅಂಥದೇ ಬಂಡೆಯ ಬಯಲುಗಳು ಹೆಸರಿಲ್ಲದೆ, ಬೇಲಿಯಿಲ್ಲದೆ ಸಹ್ಯಾದ್ರಿಯುದ್ದಕ್ಕೂ ಇವೆ. ನಮ್ಮ ಗಾಡಿಗಳು ಹೋಗುವುದು ಅಲ್ಲಿಗೆ. ಪುಣೆಯ ಪೂರ್ವಕ್ಕೆ ಸಾಸವಡ, ಬಾರಾಮತಿ ಕಡೆಯ ಒಣ ಹುಲ್ಲುಗಾವಲನ್ನು ನಾವು ಖಾಲಿ ಜಾಗ ಅನ್ನುತ್ತೇವೆ. ತೋಳ ಮರಿ ಹಾಕುವುದು ಅಲ್ಲಿ, ಧನಗರರು ಕುರಿ ಮೇಯಿಸುವುದು ಅಲ್ಲಿ, ಟಿಟ್ಟಿಭ ಬರೀ ನೆಲದ ಮೇಲೆ ಕಲ್ಲಿನ ಬಣ್ಣದ ಮೊಟ್ಟೆ ಇಡುವುದೂ ಅಲ್ಲೇ, ಅದೂ ಬೇಸಿಗೆಯಲ್ಲಿ. ಚೆನ್ನೈನ ಮರಳ ತೀರದಲ್ಲಿ ಜನವರಿಯಿಂದ ಮಾರ್ಚಿನವರೆಗೆ ಕಡಲಾಮೆ ರಾತ್ರಿ ಬಂದು ಮೊಟ್ಟೆ ಹೂಳುತ್ತದೆ. ಅಲ್ಲಿನ ವಿದ್ಯಾರ್ಥಿಗಳು 1988ರಿಂದ ರಾತ್ರಿಯೆಲ್ಲ ನಡೆದು ಆ ಗೂಡುಗಳನ್ನು ಕಾಯುತ್ತಿದ್ದಾರೆ. ಮರಳಿನಲ್ಲಿ ಫೋರ್ ಲೋ ಪರೀಕ್ಷಿಸುವವರಿಗೆ ಆ ಗೂಡು ಕಾಣುವುದಿಲ್ಲ. ದೆಹಲಿಯ ಗೆಳೆಯರಿಗೆ ಅರಾವಳಿಯ ಬಗ್ಗೆ ನಾನು ಹೇಳಬೇಕಾಗಿಲ್ಲ.

ಎತ್ತರದ ನಾಡುಗಳಿಗೂ ಈ ರೋಗ ಹಬ್ಬಿದೆ. 2022ರ ಏಪ್ರಿಲಿನಲ್ಲಿ ಲಡಾಖಿನ ಪ್ಯಾಂಗಾಂಗ್ ಸರೋವರದ ನೀರಿನಲ್ಲಿ ಕಾರು ಓಡಿಸಿದವರ ವಿಡಿಯೋ ದೇಶವೆಲ್ಲ ನೋಡಿತು. 2023ರ ಡಿಸೆಂಬರಿನಲ್ಲಿ ಲಾಹೌಲಿನ ಚಂದ್ರಾ ನದಿಗೆ ಥಾರ್ ಇಳಿಸಿದವರಿಗೆ ಪೊಲೀಸರು ದಂಡ ಹಾಕಿದರು. ರಸ್ತೆಯಲ್ಲಿ ಸಾಲುಗಟ್ಟಿದ ಗಾಡಿಗಳನ್ನು ತಪ್ಪಿಸಲು ನದಿಯೇ ದಾರಿ ಎಂದು ತೋರಿದ್ದು ಆ ಗಾಡಿಯ ತಪ್ಪಲ್ಲ. ಅದನ್ನು ಹಾಗೆ ಓಡಿಸುವುದೇ ಗಂಡಸುತನ ಎಂದು ಹೇಳಿಕೊಟ್ಟ ಜಾಹೀರಾತಿನ ತಪ್ಪು, ಅದನ್ನು ನಂಬಿದ ನಮ್ಮ ತಪ್ಪು.

ನಮ್ಮಲ್ಲಿ ಕೇಳಿಬರುವ ಅತಿ ಗಟ್ಟಿ ಎದುರುವಾದ ಇದು: "ನಾನು ಹೊರಗಿನವನಲ್ಲ. ಅಜ್ಜನ ಮನೆ ಕಳಸದಲ್ಲಿ. ನಮ್ಮೂರ ಗುಡ್ಡಕ್ಕೆ ಹೋಗೋಕೆ ಯಾರ ಅಪ್ಪಣೆ?" ಈ ಮಾತಿನ ನೋವು ನನಗೆ ಅರ್ಥವಾಗುತ್ತದೆ. ವರ್ಷಕ್ಕೆರಡು ಸಲ ಊರಿಗೆ ಹೋಗುವವರಿಗೆ ಊರು ಕೈಜಾರುತ್ತಿದೆ ಎಂಬ ಭಯ ಇರುತ್ತದೆ, ಗಾಡಿ ಹತ್ತಿ ಗುಡ್ಡದ ನೆತ್ತಿಗೆ ಹೋದಾಗ ಅದು ಇನ್ನೂ ನಮ್ಮದೇ ಅನ್ನಿಸುತ್ತದೆ. ಆದರೆ ಅಜ್ಜ ಆ ಗುಡ್ಡಕ್ಕೆ ಹೋಗುತ್ತಿದ್ದದ್ದು ದನ ಹುಡುಕಲು, ಸೊಪ್ಪು ತರಲು, ನಡೆದುಕೊಂಡು. ಎಲ್ಲಿ ಕಾಲಿಡಬಾರದು ಎಂದು ಅವರಿಗೆ ಗೊತ್ತಿತ್ತು, ಹಕ್ಕು ಹುಟ್ಟಿದ್ದು ಆ ತಿಳಿವಳಿಕೆಯಿಂದ. ನಾವು ಊರು ಬಿಟ್ಟೆವು, ಬಿಟ್ಟದ್ದು ತಪ್ಪೇನಲ್ಲ. ಆದರೆ ಬಿಟ್ಟವರು ವಾಪಸ್ ಬಂದಾಗ ಉಳಿದವರನ್ನು ಕೇಳಬೇಕು. ಆಧಾರ್ ಕಾರ್ಡಿನಲ್ಲಿ ಹಳೇ ವಿಳಾಸ ಇದ್ದ ಮಾತ್ರಕ್ಕೆ ಅಬ್ಬಿಯ ಮೇಲೆ ಟಯರ್ ಹತ್ತಿಸುವ ಹಕ್ಕು ಬರುವುದಿಲ್ಲ. ಮೀಸಲು ಅರಣ್ಯವಾದರೆ ಊರವರ ಒಪ್ಪಿಗೆಯೂ ಸಾಲದು, ಅಪ್ಪಣೆಯಿಲ್ಲದೆ ಅಲ್ಲಿಗೆ ನುಗ್ಗುವುದು ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಅಪರಾಧ. ಅಭಯಾರಣ್ಯವಾದರೆ ವನ್ಯಜೀವಿ ಕಾಯ್ದೆ 1972 ಇದೆ.

ಇನ್ನೊಂದು ವಾದ: "ಗಣಿ, ಅಣೆಕಟ್ಟು, ಹೆದ್ದಾರಿಗಳು ಮಾಡಿದ ಹಾಳಿನ ಮುಂದೆ ನಮ್ಮ ನಾಲ್ಕು ಟಯರು ಯಾವ ಲೆಕ್ಕ?" ನಿಜ, ಲೆಕ್ಕಕ್ಕೆ ಅದು ಸಣ್ಣದು. ಆದರೆ ಕುದುರೆಮುಖದ ಗಣಿ 2005ರ ಕೊನೆಗೆ ನಿಂತದ್ದು ಹೇಗೆ ಎಂದು ನೆನಪಿಸಿಕೊಳ್ಳಿ. ಜನ ವರ್ಷಗಟ್ಟಲೆ ಕೂಗಿದರು, ಸುಪ್ರೀಂ ಕೋರ್ಟಿನವರೆಗೆ ಹೋದರು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗುಡ್ಡ ಉಳಿಯಲಿ ಎಂಬುದು ಆ ಕೂಗು. ದೊಡ್ಡ ಯಂತ್ರಗಳನ್ನು ಕೆಳಗಿಳಿಸಿದ ಮೇಲೆ ಸಣ್ಣ ಯಂತ್ರಗಳಲ್ಲಿ ನಾವು ಹತ್ತುವುದಾದರೆ ಆ ಕೂಗಿಗೆ ಬೆಲೆ ಏನು? ಗಣಿಯವರು ಹೊಟ್ಟೆಪಾಡು, ರಫ್ತು, ಉದ್ಯೋಗ ಎಂದಾದರೂ ಹೇಳುತ್ತಿದ್ದರು. ನಮ್ಮದು ಭಾನುವಾರದ ಖುಷಿ.

ಹಾಗಾದರೆ ಗಾಡಿ ಮಾರಿಬಿಡಬೇಕೆ? ಬೇಡ. ಓಡಿಸುವ ಜಾಗಗಳಿವೆ. ಪುಣೆ, ಹೈದರಾಬಾದ್, ಬೆಂಗಳೂರುಗಳ ಹೊರವಲಯದಲ್ಲಿ ಖಾಸಗಿ ಜಮೀನಿನಲ್ಲಿ ಮಾಡಿದ ಟ್ರ್ಯಾಕುಗಳಿವೆ. ಅಲ್ಲಿ ಒಂದು ದಿನ ಕಲಿಸುವವರ ಜೊತೆ ಕಳೆದರೆ ಎರಡು ವರ್ಷ ಒಬ್ಬರೇ ಒದ್ದಾಡಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ. ಗೋವಾದಲ್ಲಿ 2014ರಲ್ಲಿ ಶುರುವಾದ, ಮಳೆಗಾಲದ ರೇನ್‌ಫಾರೆಸ್ಟ್ ಚಾಲೆಂಜ್ ಇದೆ, ಕೆಸರಿನ ವಿದ್ಯೆಯನ್ನು ಹತ್ತಿರದಿಂದ ನೋಡಲು ಅದು ಒಳ್ಳೆಯ ಜಾಗ. ಗೆಳೆಯರ ತೋಟ ಇದ್ದರೆ ತೋಟದೊಳಗಿನ ದಾರಿ ಇದೆ, ಕೇಳಿ ಹೋಗಿ, ಕೆಟ್ಟ ಜಾಡನ್ನು ಮುಚ್ಚಿ ಬನ್ನಿ. ಊರಿಂದೂರಿಗೆ ಹೋಗುವ ಸಾರ್ವಜನಿಕ ಮಣ್ಣುದಾರಿಗಳೇ ಬೇಕಾದಷ್ಟಿವೆ, ಅವುಗಳಲ್ಲಿ ನಿಧಾನ ಹೋಗುವುದೇ ಚಂದ. ಹಳ್ಳದ ಒಡಲಲ್ಲಿ ಓಡಿಸಬೇಡಿ, ದಾಟಲೇಬೇಕಾದರೆ ಇರುವ ದಾಟಿನಲ್ಲಿ ಅಡ್ಡಲಾಗಿ ದಾಟಿ. ಮಳೆ ಬಿದ್ದ ಮರುದಿನ ಇಳಿಜಾರಿಗೆ ಹೋಗಬೇಡಿ. ಜಾಡಿನಲ್ಲಿ ನೀರಿದ್ದರೆ ಪಕ್ಕದ ಹುಲ್ಲಿಗೆ ಹತ್ತಿಸಬೇಡಿ, ಜಾಡಿನಲ್ಲೇ ಹೋಗಿ, ಆಗದಿದ್ದರೆ ತಿರುಗಿ ಬನ್ನಿ. ತಿರುಗಿ ಬರುವುದನ್ನು ಕಲಿಯದವರಿಗೆ ಯಾವ ಲಾಕರೂ ಸಾಲದು.

ಕೊಡಚಾದ್ರಿಗೆ, ಮಾಂದಲಪಟ್ಟಿಗೆ ಹೋಗುವುದಾದರೆ ನಿಮ್ಮ ಗಾಡಿಯನ್ನು ಕೆಳಗೇ ಬಿಟ್ಟು ಅಲ್ಲಿನ ಜೀಪು ಹತ್ತಿ. ಆ ದಾರಿಯಲ್ಲಿ ದಿನಕ್ಕೆ ಹಲವು ಸಲ ಹತ್ತಿಳಿಯುವವರ ಕೈಚಳಕ ಪಕ್ಕದ ಸೀಟಿನಲ್ಲಿ ಕೂತು ನೋಡುವಂಥದ್ದು. ಸ್ಟೇರಿಂಗನ್ನು ಹೇಗೆ ಸಡಿಲವಾಗಿ ಹಿಡಿಯುತ್ತಾರೆ, ಹೆಬ್ಬೆರಳನ್ನು ಹೇಗೆ ಹೊರಗಿಡುತ್ತಾರೆ, ಯಾವ ಕಲ್ಲಿಗೆ ಯಾವ ಚಕ್ರ ಕೊಡುತ್ತಾರೆ ಎಂದು ಗಮನಿಸಿ. ನೀವು ಕೊಟ್ಟ ದುಡ್ಡು ಆ ಊರಿನಲ್ಲೇ ಉಳಿಯುತ್ತದೆ, ದಾರಿ ಒಂದೇ ಉಳಿಯುತ್ತದೆ. ಮೇಲಕ್ಕೆ ನಡೆದು ಹೋಗಬಹುದಾದಲ್ಲಿ ನಡೆದೇ ಹೋಗಿ. ಕುದುರೆ ಕಂಡರೆ ಕಾಲುನೋವು ಎಂಬ ಗಾದೆಗೆ ನಾವು ಉದಾಹರಣೆ ಆಗಬೇಕಿಲ್ಲ.

ಕೊನೆಗೊಂದು ಬೇಡಿಕೆ, ಗುಂಪು ಕಟ್ಟಿಕೊಂಡು ಹೋಗುವ ನಮ್ಮವರಿಗೆಲ್ಲ. ಮುಂದಿನ ಪ್ರವಾಸದ ಯೋಜನೆ ಬರೆಯುವಾಗ ಯಾರ ಗಾಡಿ, ಯಾರ ವಿಂಚು, ಬೆಳಗಿನ ತಿಂಡಿ ಎಲ್ಲಿ ಎಂಬುದರ ಮೇಲೆ ಮೂರು ಸಾಲು ಸೇರಿಸಿ. ಈ ನೆಲ ಯಾರದು? ಅಪ್ಪಣೆ ಕೊಟ್ಟವರು ಯಾರು? ಇಲ್ಲಿಂದ ಇಳಿಯುವ ನೀರನ್ನು ಕುಡಿಯುವವರು ಯಾರು? ಮೂರಕ್ಕೂ ಉತ್ತರ ಇದ್ದರೆ ಗಾಳಿ ಇಳಿಸಿ, ಲೋ ಗೇರ್ ಹಾಕಿ, ಖುಷಿಯಾಗಿ ಹೋಗಿಬನ್ನಿ. ಒಂದಕ್ಕಾದರೂ ಉತ್ತರ ಇಲ್ಲದಿದ್ದರೆ ಆ ಭಾನುವಾರ ಗಾಡಿ ತೊಳೆಯಿರಿ. ಕೆಳಗಿನಿಂದ.